ಕುತ್ತಿಗೆಯ ಹಿಂದಿನ ಎಲುಬು

ನಾಲವಾರದ ಗ್ಯಾಂಗ್‌ಮನ್ ದೇವಿಂದ್ರಪ್ಪನ ಮನೆಯಲ್ಲಿ ಬೆನ್ನು ನೋಯುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದೇವಿಂದ್ರಪ್ಪ ದಿನವಿಡೀ ರೈಲುಹಳಿಯ ಮೇಲೆ ಹಾರೆ ಹಿಡಿದು ದುಡಿದು ಬಂದು ಫರಸಿ ಕಲ್ಲಿನ ನೆಲದ ಮೇಲೆ ಅಂಗಾತ ಬೀಳುತ್ತಿದ್ದ. ಹೆಂಡತಿ ಸಾಬಮ್ಮ ಏನಾಯಿತೆಂದು ಕೇಳಿದರೆ, ಸುಮ್ಮನೆ ತಂಪಿಗೆ ಬಿದ್ದಿದ್ದೇನೆ ಎನ್ನುತ್ತಿದ್ದ. ಸಾಬಮ್ಮನೂ ಹಾಗೆಯೇ. ನೀರು ಹೊತ್ತು ತಂದು ಕೊಡ ಇಳಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತವಳು ಮಕ್ಕಳು ನೋಡುತ್ತಿದ್ದಾರೆಂದು ಗೊತ್ತಾದ ಕೂಡಲೇ ಕೈ ತೆಗೆದುಬಿಡುತ್ತಿದ್ದಳು.

ಇದಕ್ಕೆ ಕಾರಣ ಹಣಮಮ್ಮ. ದೇವಿಂದ್ರಪ್ಪನ ತಂಗಿ. ಹದಿನಾರರ ವಯಸ್ಸಿನಲ್ಲಿ ಅವಳಿಗೆ ಬೆನ್ನುನೋವು ಶುರುವಾಗಿ, ಆಮೇಲೆ ಬೆನ್ನಿನ ನಡುವೆ ಗೂನು ಎದ್ದು, ಕೊನೆಗೆ ಎರಡೂ ಕಾಲು ಸ್ವಾಧೀನ ತಪ್ಪಿದ್ದವು. ಅದು ಬೆನ್ನೆಲುಬಿನ ಕ್ಷಯವೆಂದು ಮನೆಯವರಿಗೆ ತಿಳಿದದ್ದು ಬಹಳ ತಡವಾಗಿ. ಅಂದಿನಿಂದ ಪಡಸಾಲೆಯ ಕಂಬದ ಹತ್ತಿರ ಹಾಸಿದ ಕೌದಿಯೇ ಅವಳ ಜಗತ್ತು. ಅಲ್ಲೇ ಕೂತು ಜೋಳ ಹಸನು ಮಾಡುವಳು, ಮಕ್ಕಳ ತಲೆ ಬಾಚುವಳು, ಸದ್ದು ಕೇಳಿ ಯಾವ ಗಾಡಿ ಹೋಯಿತೆಂದು ಹೇಳುವಳು. ಮಾತಿನಲ್ಲಿ ಚುರುಕು, ನಗುವೂ ಇತ್ತು. ಆದರೆ ಮಲಗಿದಲ್ಲಿಂದ ಏಳಬೇಕಾದರೆ ಯಾರಾದರೂ ಎತ್ತಬೇಕಿತ್ತು.

ದೇವಿಂದ್ರಪ್ಪನ ಹಿರಿಯ ಮಗಳು ಸುಂದರಬಾಯಿ ಈ ಅತ್ತೆಯನ್ನು ನೋಡುತ್ತಲೇ ಬೆಳೆದಳು. ಮುಂದೆ ಕಾಳಗಿಯ ಶಾಲೆಯಲ್ಲಿ ಇದೇ ಸುಂದರಬಾಯಿ ಟೀಚರ ಜೊತೆ ಕೆಲಸ ಮಾಡುವ ಅವಕಾಶ ನನಗೆ ಬಂತು. ಊಟದ ಬಿಡುವಿನಲ್ಲಿ ಅವರು ಹೇಳಿದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರೇ ಇದ್ದ ಕಾಲ. ಸುಂದರಬಾಯಿ ಹತ್ತನೇ ಇಯತ್ತೆ. ಊರಲ್ಲಿ ಹೆಣ್ಣುಮಕ್ಕಳು ಅಷ್ಟು ದೂರ ಓದಿದ್ದು ಕಡಿಮೆ. ಬೆಳಗಿನ ಪ್ಯಾಸೆಂಜರ್ ಗಾಡಿ ಹತ್ತಿ ವಾಡಿಯ ಹೈಸ್ಕೂಲಿಗೆ ಹೋಗಬೇಕು, ಸಂಜೆ ಅದೇ ದಾರಿಯಲ್ಲಿ ಬರಬೇಕು. ಗಾಡಿಯಲ್ಲಿ ಕೂಡಲು ಜಾಗ ಸಿಗುತ್ತಿದ್ದದ್ದು ಅಪರೂಪ. ಎಲ್ಲ ಪುಸ್ತಕ ತುಂಬಿದ ಬಟ್ಟೆಚೀಲ ಯಾವಾಗಲೂ ಬಲಗಡೆ ಹೆಗಲಿಗೆ. ಶಾಲೆಯ ಬೆಂಚುಗಳು ಸಣ್ಣ ಮಕ್ಕಳ ಅಳತೆಯವು, ಎತ್ತರದ ಈ ಹುಡುಗಿ ಮಂಡಿ ಮಡಚಿ ತಲೆ ಬಗ್ಗಿಸಿ ಬರೆಯಬೇಕಾಗಿತ್ತು. ಮನೆಗೆ ಬಂದರೆ ಕಂದೀಲು ನೆಲದ ಮೇಲೆ. ಬೆಳಕು ಎಲ್ಲಿದೆಯೋ ಪುಸ್ತಕ ಅಲ್ಲಿ. ಫರಸಿಯ ಮೇಲೆ ಬೋರಲು ಮಲಗಿ, ಮೊಣಕೈ ಊರಿ, ಗದ್ದ ಅಂಗೈಯಲ್ಲಿಟ್ಟು ಅವಳು ಓದುತ್ತಿದ್ದಳು. ಸೋತರೆ ಎದ್ದು ಚಕ್ಕಳಮಕ್ಕಳ ಹಾಕಿ ಪುಸ್ತಕದ ಮೇಲೆ ಬಾಗುತ್ತಿದ್ದಳು. ಹಾಗೆ ಓದುವುದರಲ್ಲಿ ತಪ್ಪಿದೆಯೆಂದು ಯಾರಿಗೂ ಅನ್ನಿಸಿರಲಿಲ್ಲ. ಎಲ್ಲ ಮಕ್ಕಳೂ ಓದುತ್ತಿದ್ದದ್ದು ಹೀಗೆಯೇ.

ಶ್ರಾವಣದಲ್ಲಿ ಒಂದು ದಿನ ಗಾಡಿ ಇಳಿಯುವಾಗ ಕುತ್ತಿಗೆಯ ಹಿಂದೆ ಏನೋ ಚುಚ್ಚಿದಂತಾಯಿತು. ಅವಳು ಚೀಲ ಸರಿಪಡಿಸಿಕೊಂಡು ನಡೆದಳು. ಮರುದಿನವೂ ಇತ್ತು. ಬರುಬರುತ್ತ ನೋವು ಕುತ್ತಿಗೆಯಿಂದ ಇಳಿದು ಎರಡು ಹೆಗಲಿನ ನಡುವೆ ಬಂದು ಕೂತಿತು. ಬರೆಯುತ್ತ ಕೂತಾಗ ಬಲಗೈಯ ಬೆರಳುಗಳಲ್ಲಿ ಇರುವೆ ಹರಿದಂತೆ ಆಗತೊಡಗಿತು.

ಒಂದು ಸಂಜೆ ಬಚ್ಚಲಲ್ಲಿ ಸ್ನಾನ ಮಾಡುವಾಗ ಅವಳು ಕೈ ಹಿಂದೆ ಹಾಕಿ ಕುತ್ತಿಗೆಯನ್ನು ಮುಟ್ಟಿ ನೋಡಿಕೊಂಡಳು. ಕೂದಲು ಮುಗಿದು ಬೆನ್ನು ಶುರುವಾಗುವಲ್ಲಿ ಒಂದು ಗಟ್ಟಿ ಉಬ್ಬು ಸಿಕ್ಕಿತು. ತಲೆ ಬಗ್ಗಿಸಿದರೆ ಅದು ಇನ್ನೂ ಎದ್ದು ನಿಲ್ಲುತ್ತಿತ್ತು. ಬಿಸಿನೀರು ತಣ್ಣಗಾಗುವವರೆಗೂ ಅವಳು ಅಲ್ಲೇ ಕೂತಿದ್ದಳು. ಅತ್ತೆಯ ಬೆನ್ನಿಗೆ ಎಣ್ಣೆ ತಿಕ್ಕುವಾಗ ಕೈಗೆ ಸಿಗುತ್ತಿದ್ದ ಗೂನು ಅವಳಿಗೆ ಚೆನ್ನಾಗಿ ಗೊತ್ತು. ಅದು ಮೊದಲು ಹೀಗೇ ಇದ್ದಿರಬೇಕು, ಒಂದು ಸಣ್ಣ ಗಂಟಿನಂತೆ ಹುಟ್ಟಿರಬೇಕು ಎಂದುಕೊಂಡಳು. ಅವಳಿಗೂ ಆಗ ಹದಿನಾರು.

ಅಂದಿನಿಂದ ಸುಂದರಬಾಯಿಯ ಕೈ ಹೊತ್ತಿಲ್ಲದ ಹೊತ್ತಿನಲ್ಲಿ ಕುತ್ತಿಗೆಯ ಹಿಂದೆ ಹೋಗತೊಡಗಿತು. ನಿನ್ನೆಗಿಂತ ದೊಡ್ಡದಾಗಿದೆಯೇ? ಗಾಡಿಯಲ್ಲಿ, ಪ್ರಾರ್ಥನೆಯ ಸಾಲಿನಲ್ಲಿ, ಒಲೆಯ ಮುಂದೆ, ಎಲ್ಲೆಲ್ಲೂ ಅದೇ ಯೋಚನೆ. ಉಬ್ಬು ಕಾಣಬಾರದೆಂದು ಜಡೆಯನ್ನು ಸಡಿಲವಾಗಿ ಹಾಕಿ ಕುತ್ತಿಗೆ ಮುಚ್ಚಿಕೊಂಡಳು, ದಾವಣಿಯನ್ನು ಎರಡೂ ಹೆಗಲಿಗೆ ಹೊದ್ದಳು. ತಲೆಗೆ ಎಣ್ಣೆ ಹಚ್ಚಲು ತಾಯಿ ಕರೆದರೆ ತಾನೇ ಹಚ್ಚಿಕೊಳ್ಳುವೆನೆಂದು ಎದ್ದು ಹೋಗುತ್ತಿದ್ದಳು. ಗೋಡೆಯ ಮೇಲೆ ತನ್ನ ನೆರಳು ಬಿದ್ದರೆ ಸಾಕು, ಬೆನ್ನಿನ ಗೆರೆ ಎಲ್ಲಾದರೂ ಡೊಂಕಾಗಿದೆಯೇ ಎಂದು ಕಳ್ಳನೋಟದಲ್ಲಿ ನೋಡುತ್ತಿದ್ದಳು. ಬೇರೆಯವರ ಕುತ್ತಿಗೆಯಲ್ಲೂ ಅಂಥ ಉಬ್ಬು ಇದೆಯೇ ಎಂದು ಮುಟ್ಟಿ ನೋಡುವ ಧೈರ್ಯ ಆಗಲಿಲ್ಲ. ಇಲ್ಲವೆಂದು ಗೊತ್ತಾದರೆ ಏನು ಮಾಡುವುದು?

ಹೇಳಲು ಹೆದರಿಕೆ. ಹೇಳಿದರೆ ಶಾಲೆ ಬಿಡಿಸುತ್ತಾರೆ ಎಂಬುದು ಒಂದು. ಚಿಂಚೋಳಿಯ ಕಡೆಯಿಂದ ಅವಳಿಗೊಂದು ಸಂಬಂಧ ಬಂದಿತ್ತು, ಪರೀಕ್ಷೆ ಮುಗಿಯಲಿ ಎಂದು ಸಾಬಮ್ಮ ಅವರನ್ನು ತಡೆದಿದ್ದಳು. ಆ ಮನೆಯಲ್ಲಿ ಇನ್ನೊಬ್ಬಳ ಬೆನ್ನೂ ಬಾಗಿತು ಎಂಬ ಮಾತು ಹೊರಗೆ ಬಿದ್ದರೆ ತನ್ನದಿರಲಿ, ತಂಗಿಯ ಮದುವೆಯೂ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚಾಗಿ ಅಪ್ಪನ ಮುಖಕ್ಕೆ ಹೆದರಿಕೆ. ತನ್ನ ತಂಗಿ ಹಣಮಮ್ಮನನ್ನು ದಿನಾ ಎತ್ತಿ ಕೂರಿಸುವ ಆ ಮನುಷ್ಯನಿಗೆ, ಇನ್ನು ನನ್ನನ್ನೂ ಎತ್ತು ಎಂದು ಹೇಗೆ ಹೇಳುವುದು?

ಕಾಲು ಹೋಗುವುದರೊಳಗೆ ಪರೀಕ್ಷೆ ಮುಗಿಸಬೇಕು ಎಂದು ಅವಳು ತೀರ್ಮಾನಿಸಿದಳು. ಹಾಗೆಂದು ಮೊದಲಿಗಿಂತ ಹೆಚ್ಚು ಹೊತ್ತು ಕೂತಳು. ಸಂಜೆ ಪುಸ್ತಕದ ಮೇಲೆ ಬಾಗಿದರೆ ಊಟಕ್ಕೆ ಕರೆಯುವವರೆಗೂ ಏಳುತ್ತಿರಲಿಲ್ಲ. ನೋವು ಜಾಸ್ತಿಯಾಯಿತು. ನೋವು ಜಾಸ್ತಿಯಾದಂತೆ ದಿನಗಳು ಕಡಿಮೆ ಉಳಿದಿವೆ ಅನ್ನಿಸಿ ಮತ್ತೂ ಕೂತಳು. ಊಟ ಸೇರದಾಯಿತು. ಮೈ ಇಳಿಯಿತು. ಮೈ ಇಳಿದದ್ದನ್ನು ಕಂಡು, ಅತ್ತೆಯೂ ಹೀಗೇ ಒಣಗಿದ್ದಳಂತೆ ಎಂಬುದು ನೆನಪಾಯಿತು.

ದೀಪಾವಳಿ ರಜೆ ಮುಗಿದು ಶಾಲೆ ಶುರುವಾದ ಹೊಸತು. ಗಣಿತ ಕಲಿಸುತ್ತಿದ್ದ ಖುರ್ಷಿದಬೇಗಂ ಎಂದರೆ ಇಡೀ ಶಾಲೆಗೆ ನಡುಕ. ಕೋಲು ಹಿಡಿದವರಲ್ಲ, ಆದರೆ ಅವರು ಕನ್ನಡಕದ ಮೇಲಿಂದ ನೋಡಿದರೆ ಮಕ್ಕಳ ಬಾಯಿ ಒಣಗುತ್ತಿತ್ತು. ಅಂದು ಅವರು ಹಿಂದಿನ ಸಾಲಿನ ಹತ್ತಿರ ನಿಂತು ಸುಂದರಬಾಯಿಯನ್ನು ಕರೆದರು. ಅವಳು ತಿರುಗಲು ಹೋದಳು, ಕುತ್ತಿಗೆ ತಿರುಗಲಿಲ್ಲ. ಯಾರೋ ಹಿಂದಿನಿಂದ ಗಟ್ಟಿಯಾಗಿ ಹಿಡಿದಂತೆ ಅಲ್ಲೇ ನಿಂತಿತು. ಇಡೀ ಮೈಯನ್ನೇ ಬಂಡಿಯಂತೆ ತಿರುಗಿಸಿಕೊಂಡು ಎದ್ದಳು. ಹುಡುಗಿಯರು ನಕ್ಕರು. ಖುರ್ಷಿದಬೇಗಂ ನಗಲಿಲ್ಲ.

ತರಗತಿ ಮುಗಿದ ಮೇಲೆ ಅವಳನ್ನು ನಿಲ್ಲಿಸಿಕೊಂಡು ಏನಾಗಿದೆ ಎಂದು ಕೇಳಿದರು. ಮಲಗುವಾಗ ದಿಂಬು ಸರಿಯಾಗಿರಲಿಲ್ಲ ಎಂದಳು. ಎಷ್ಟು ದಿನದಿಂದ ಎಂದು ಕೇಳಿದರು. ಇವತ್ತೇ ಎಂದಳು. ಶ್ರಾವಣದಿಂದ ನೀನು ಹೆಗಲು ಎತ್ತಿಕೊಂಡೇ ಕೂಡುತ್ತೀ, ನಾನು ನೋಡಿದ್ದೇನೆ, ನಾಳೆ ನಿಮ್ಮಪ್ಪನನ್ನು ಕರೆದುಕೊಂಡು ಬಾ ಎಂದು ಹೇಳಿ ಕಳಿಸಿದರು.

ಮರುದಿನ ಸುಂದರಬಾಯಿ ಜ್ವರವೆಂದು ಹೇಳಿ ಮನೆಯಲ್ಲೇ ಉಳಿದಳು. ಅದರ ಮರುದಿನವೂ ಹೋಗಲಿಲ್ಲ. ತಾಯಿ ಹೊಲಕ್ಕೆ ಹೋದ ಮೇಲೆ ಮಧ್ಯಾಹ್ನ ಮನೆಯಲ್ಲಿ ಅವಳು ಮತ್ತು ಅತ್ತೆ ಇಬ್ಬರೇ. ಹಣಮಮ್ಮ ಮೊರದಲ್ಲಿ ಜೋಳ ಹಸನು ಮಾಡುತ್ತ, ಹತ್ತಿರ ಬಂದು ಕೂತುಕೊಳ್ಳಲು ಹೇಳಿದಳು. ಇಷ್ಟು ದಿನ ಕಂಬದ ಹತ್ತಿರದಿಂದ ಎಲ್ಲವನ್ನೂ ನೋಡುತ್ತಿದ್ದವಳು, ಸುಂದರಬಾಯಿ ಕೂತ ಕೂಡಲೇ ಮುಂದೆ ಬಾಗಿ ಅವಳ ಜಡೆ ಎತ್ತಿ ಕುತ್ತಿಗೆಯ ಮೇಲೆ ಕೈಯಿಟ್ಟಳು. ಸುಂದರಬಾಯಿ ಕೊಸರಲಿಲ್ಲ. ಎಷ್ಟೋ ದಿನದಿಂದ ಒಬ್ಬಳೇ ಮುಟ್ಟಿ ನೋಡಿಕೊಂಡಿದ್ದ ಜಾಗದ ಮೇಲೆ ಇನ್ನೊಬ್ಬರ ಕೈ ಬಿದ್ದದ್ದೇ ತಡ, ತಡೆಯಲಾರದೆ ಅತ್ತುಬಿಟ್ಟಳು. ಎಲ್ಲವನ್ನೂ ಹೇಳಿದಳು. ನೋವು, ಬೆರಳಿನ ಇರುವೆ, ಉಬ್ಬು, ಎಲ್ಲವನ್ನೂ.

ಹಣಮಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ನಂದೂ ನಾ ಯಾರಿಗೂ ಹೇಳಿರಲಿಲ್ಲ, ಸುಂದ್ರಾ," ಅಂದಳು. "ಆಗ ಊರಾಗ ಭಾಳ ಗದ್ಲ ಇತ್ತು. ನಿಜಾಮನ ರಾಜ್ಯ ಮುಗಿಯೂ ವರ್ಷ. ಮಂದಿ ಬಂಡಿ ಕಟ್ಟಿಕೊಂಡು ಅಡವಿಗಿ, ಹೊಲಕ್ಕ ಓಡಾಕತ್ತಿದ್ರು. ಅದರಾಗ ನನ್ನ ಡುಬ್ಬ ನೋಯ್ತದ ಅಂತ ಯಾರಿಗಿ ಹೇಳ್ಲಿ? ಗಂಟು ಹೊತ್ಕೊಂಡು ನಾನೂ ಓಡಿದೆ. ದಿನಾ ಸಂಜಿಕ ಜ್ವರ ಬರ್ತಿತ್ತು, ಬೆವತು ಸೀರಿ ತೊಯ್ತಿತ್ತು. ಮುಚ್ಚಿಟ್ಟೆ. ನಿಮ್ಮಪ್ಪ ನೋಡೂ ಹೊತ್ತಿಗಿ ನನ್ನ ಕಾಲು ನೆಲದ ಮ್ಯಾಲ ನಿಲ್ಲತಿದ್ದಿಲ್ಲ."

ಸುಂದರಬಾಯಿ ತನಗೂ ಹಾಗೇ ಆಗುತ್ತದೆಯೇ ಎಂದು ಕೇಳಿದಳು.

"ನಂಗ ಗೊತ್ತಿಲ್ಲ. ನಾ ಡಾಕ್ಟರ್ ಅಲ್ಲ," ಅಂದಳು ಹಣಮಮ್ಮ. "ನಿಂದೂ ನಂದೂ ಒಂದೇ ಅನ್ನಾಂಗಿಲ್ಲ, ಬ್ಯಾರೆ ಅನ್ನಾಂಗೂ ಇಲ್ಲ. ಖರೇ ಏನದ ಅಂತ ನೋಡಸಬೇಕು. ನಿನ್ನ ಕಾಲು ಇನ್ನಾ ನಡೀತಾವ. ಅವು ನಡಿಯೂತನಾ ನಡಕೊಂತ ಹೋಗು."

ಸಂಜೆ ದೇವಿಂದ್ರಪ್ಪ ಬಂದಾಗ ಹಣಮಮ್ಮ ತಾನೇ ಅಣ್ಣನನ್ನು ಕರೆದು ವಿಷಯ ಹೇಳಿದಳು. ದೇವಿಂದ್ರಪ್ಪ ಕೂಗಾಡಲಿಲ್ಲ. ಹೊಸ್ತಿಲ ಮೇಲೆ ಕೂತು ರುಮಾಲು ಬಿಚ್ಚಿ ಮತ್ತೆ ಸುತ್ತಲು ಹೋದ. ಸುತ್ತಲು ಬರಲಿಲ್ಲ. ಕೊನೆಗೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊರಗೆ ನೋಡುತ್ತ ಕೂತ. ಸಾಬಮ್ಮ ಒಳಗೆ ಒಲೆಯ ಮುಂದೆ ಕೂತವಳು ರೊಟ್ಟಿ ಹೊತ್ತುವ ವಾಸನೆ ಬಂದರೂ ಮೇಲೆ ಏಳಲಿಲ್ಲ.

ಮರುದಿನ ಅಪ್ಪ ಮಗಳು ಇಬ್ಬರೂ ವಾಡಿಗೆ ಹೋಗಿ ಖುರ್ಷಿದಬೇಗಂ ಅವರನ್ನು ಕಂಡರು. ದೇವಿಂದ್ರಪ್ಪ ತನ್ನ ತಂಗಿಯ ವಿಷಯವನ್ನೂ ಹೇಳಿದ. ಹಾಗಿದ್ದರೆ ಇಲ್ಲಿ ಯಾರಿಗೋ ತೋರಿಸಿ ಪ್ರಯೋಜನವಿಲ್ಲ, ಗುಲಬರ್ಗಾಕ್ಕೆ ಹೋಗಿ ಎಕ್ಸ್‌ರೇ ತೆಗೆಸಬೇಕು, ಅಲ್ಲಿನ ಸರಕಾರಿ ದವಾಖಾನೆಯಲ್ಲಿ ನನಗೆ ಪರಿಚಯದ ಎಲುಬಿನ ಡಾಕ್ಟರೊಬ್ಬರು ಇದ್ದಾರೆ, ನಾನೂ ಬರುತ್ತೇನೆ ಎಂದು ಅವರು ಹೇಳಿದರು. ಎರಡು ದಿನ ರಜೆ ಹಾಕಿದರು.

ಗುಲಬರ್ಗಾದ ಗಾಡಿಯಲ್ಲಿ ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ಶಹಾಬಾದಿನಲ್ಲಿ ಗಾಡಿ ಬಹಳ ಹೊತ್ತು ನಿಂತಿತ್ತು. ಪಕ್ಕದ ಹಳಿಯ ವ್ಯಾಗನ್ನಿಗೆ ಜನ ಫರಸಿ ಕಲ್ಲು ಏರಿಸುತ್ತಿದ್ದರು. ಒಬ್ಬೊಬ್ಬರೂ ಕಲ್ಲನ್ನು ಬೆನ್ನಿನ ಮೇಲೆ ಹೊತ್ತು ಹಲಗೆಯ ಮೇಲೆ ಹತ್ತುವುದನ್ನು ಕಂಡು ಸುಂದರಬಾಯಿ ಕಣ್ಣು ಮುಚ್ಚಿಕೊಂಡಳು. ಅವರ ಬೆನ್ನಿಗೆ ಏನೂ ಆಗಿಲ್ಲ, ಪುಸ್ತಕ ಹಿಡಿದ ತನಗೇ ಯಾಕೆ ಹೀಗೆ ಎಂದು ಮನಸ್ಸಿನಲ್ಲಿ ಬಂತಂತೆ. ಅಪ್ಪ ಎದುರಿಗೆ ಕೂತಿದ್ದ. ಕೆಳಗೆ ಹಳಿಗಳ ಸದ್ದು ಕೇಳಿದರೆ ಎಲ್ಲಿ ಏನು ಸಡಿಲವಾಗಿದೆ ಎಂದು ಹೇಳುವ ಮನುಷ್ಯ ಅಂದು ಏನನ್ನೂ ಕೇಳಿಸಿಕೊಳ್ಳುವ ಹಾಗಿರಲಿಲ್ಲ.

ಡಾಕ್ಟರ್ ನಾಗೇಂದ್ರಪ್ಪ ನಡುವಯಸ್ಸಿನವರು, ಮೆತ್ತಗಿನ ದನಿ. ಸಂಜೆ ಜ್ವರ ಬರುತ್ತದೆಯೇ, ಮಲಗಿದರೂ ನೋವು ಇರುತ್ತದೆಯೇ, ಕೆಮ್ಮು ಉಂಟೇ ಎಂದು ಒಂದೊಂದಾಗಿ ಕೇಳಿದರು. ಜ್ವರ ಇಲ್ಲ, ಮಲಗಿದರೆ ನೋವು ಕಡಿಮೆ ಎಂದು ಅವಳು ಹೇಳಿದಳು. ಹೇಳುತ್ತಿದ್ದಂತೆಯೇ ತಾನು ಸುಳ್ಳು ಹೇಳುತ್ತಿದ್ದೇನೆಯೇ, ಜ್ವರ ಬಂದಿದ್ದು ತನಗೆ ತಿಳಿದಿಲ್ಲವೇ ಎಂಬ ಸಂಶಯ ಬಂತು. ಡಾಕ್ಟರು ಅವಳ ಬೆನ್ನೆಲುಬನ್ನು ಮೇಲಿನಿಂದ ಕೆಳಗಿನವರೆಗೆ ಬೆರಳಿನಿಂದ ಬಡಿದು ನೋಡಿದರು. ಹಿಮ್ಮಡಿಯ ಮೇಲೆ ನಡೆಸಿದರು, ತುದಿಗಾಲಲ್ಲಿ ನಡೆಸಿದರು. ಆಮೇಲೆ ಎಕ್ಸ್‌ರೇಗೆ ಕಳಿಸಿ, ಮಧ್ಯಾಹ್ನದ ಮೇಲೆ ಬರಲು ಹೇಳಿದರು.

ಆ ಮಧ್ಯಾಹ್ನವನ್ನು ಸುಂದರಬಾಯಿ ಟೀಚರು ಮರೆತೇ ಇಲ್ಲ. ದವಾಖಾನೆಯ ಪಡಸಾಲೆಯಲ್ಲಿ ಉದ್ದನೆಯ ಬೆಂಚು. ಎದುರಿಗೆ ಒಬ್ಬ ಹೆಣ್ಣುಮಗಳು ಮಡಿಲಲ್ಲಿ ಮಗು ಮಲಗಿಸಿಕೊಂಡಿದ್ದಳು. ಮಗುವಿಗೆ ಎದೆಯಿಂದ ಸೊಂಟದವರೆಗೆ ಪ್ಲಾಸ್ಟರ್ ಹಾಕಿದ್ದರು, ಅದು ಕಟ್ಟಿಗೆಯ ಬೊಂಬೆಯ ಹಾಗೆ ಮಲಗಿ ಕಣ್ಣು ಮಾತ್ರ ಹೊರಳಿಸುತ್ತಿತ್ತು. ಸುಂದರಬಾಯಿಗೆ ಅದರಿಂದ ಕಣ್ಣು ಕೀಳಲಾಗಲಿಲ್ಲ. ತನ್ನ ಪಾದಗಳನ್ನು ಚಪ್ಪಲಿಯಿಂದ ಹೊರಗೆ ತೆಗೆದು ತಣ್ಣಗಿನ ನೆಲದ ಮೇಲೆ ಊರಿ, ತಂಪು ತಿಳಿಯುತ್ತದೆಯೇ ಎಂದು ಮತ್ತೆ ಮತ್ತೆ ನೋಡಿಕೊಂಡಳು. ತಿಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ತಿಳಿಯುವುದಿಲ್ಲವೇನೋ ಅನ್ನಿಸಿ ಮತ್ತೆ ಊರುತ್ತಿದ್ದಳು. ಖುರ್ಷಿದಬೇಗಂ ಅವಳ ಕೈಯನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡು ಕೂತಿದ್ದರು. ಅವರ ಅಂಗೈಯೂ ಬೆವೆತಿತ್ತು. ಶಾಲೆಯಲ್ಲಿ ಎಲ್ಲರನ್ನೂ ಹೆದರಿಸುವವರೂ ಹೆದರಿದ್ದಾರೆಂದು ತಿಳಿದು ಅವಳ ಹೆದರಿಕೆ ಇಮ್ಮಡಿಯಾಯಿತು.

ಡಾಕ್ಟರು ಒಳಗೆ ಕರೆದಾಗ ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರು. ಎಲುಬು ಎಲ್ಲ ಚೊಕ್ಕ ಇವೆ, ರೋಗ ಇಲ್ಲ, ಗೂನಿನ ಪ್ರಶ್ನೆಯೇ ಇಲ್ಲ ಎಂದರು. ದೇವಿಂದ್ರಪ್ಪ ಗೋಡೆಗೆ ಕೈಕೊಟ್ಟು ನಿಂತ. ಆದರೆ ಸುಂದರಬಾಯಿಗೆ ನಂಬಿಕೆ ಬರಲಿಲ್ಲ. ಅಪ್ಪನ ಮುಂದೆ ಸಮಾಧಾನಕ್ಕೆ ಹೇಳುತ್ತಿದ್ದಾರೆ ಎಂದೇ ಅನ್ನಿಸಿತು. ಜಡೆ ಸರಿಸಿ ಕುತ್ತಿಗೆಯ ಉಬ್ಬಿನ ಮೇಲೆ ಬೆರಳಿಟ್ಟಳು.

"ಹಂಗಾದ್ರ ಇದೇನ್ರಿ?" ಎಂದು ಕೇಳಿದಳು.

ಡಾಕ್ಟರು ಖುರ್ಷಿದಬೇಗಂ ಅವರ ಕಡೆ ತಿರುಗಿ, ಸ್ವಲ್ಪ ತಲೆ ಬಗ್ಗಿಸಲು ಕೇಳಿಕೊಂಡರು. ಟೀಚರು ಸೆರಗು ಸರಿಸಿ ತಲೆ ಬಗ್ಗಿಸಿದರು. ಮುಟ್ಟಿ ನೋಡು ಎಂದು ಡಾಕ್ಟರು ಹೇಳಿದರು. ಟೀಚರ ಕುತ್ತಿಗೆಯನ್ನು ಮುಟ್ಟುವುದೇ! ಸುಂದರಬಾಯಿ ಹಿಂಜರಿದಳು. "ಮುಟ್ಟು ಬೇಟಿ," ಎಂದರು ಖುರ್ಷಿದಬೇಗಂ, ತಲೆ ಎತ್ತದೆಯೇ. ಅವಳು ಬೆರಳಿಟ್ಟಳು. ಕೂದಲು ಮುಗಿದು ಬೆನ್ನು ಶುರುವಾಗುವಲ್ಲಿ, ಅದೇ ಜಾಗದಲ್ಲಿ, ಅಂಥದೇ ಗಟ್ಟಿ ಉಬ್ಬು. ಅಪ್ಪನ ಕುತ್ತಿಗೆಯನ್ನೂ ಮುಟ್ಟಿದಳು. ಅಲ್ಲೂ ಇತ್ತು. ಅದು ಎಲ್ಲರಿಗೂ ಇರುವ ಎಲುಬು, ಹುಟ್ಟುವಾಗಲೇ ಬಂದದ್ದು, ತೆಳ್ಳಗಿದ್ದವರಿಗೆ ಚೆನ್ನಾಗಿ ಕೈಗೆ ಸಿಗುತ್ತದೆ ಎಂದು ಡಾಕ್ಟರು ತಿಳಿಸಿದರು.

ಆಮೇಲೆ ಅವರು, ಮನೆಯಲ್ಲಿ ಹೇಗೆ ಓದುತ್ತೀ, ಮಾಡಿ ತೋರಿಸು ಎಂದರು. ಅವಳು ನಾಚುತ್ತಲೇ ದವಾಖಾನೆಯ ನೆಲದ ಮೇಲೆ ಬೋರಲು ಮಲಗಿ, ಎಕ್ಸ್‌ರೇಯ ಲಕೋಟೆಯನ್ನು ಪುಸ್ತಕದಂತೆ ಮುಂದಿಟ್ಟುಕೊಂಡು, ಗದ್ದಕ್ಕೆ ಕೈ ಕೊಟ್ಟಳು. ಎದ್ದು ಚಕ್ಕಳಮಕ್ಕಳ ಹಾಕಿ ಬಾಗಿಯೂ ತೋರಿಸಿದಳು. ಬಾಗಿಲಲ್ಲಿ ನಿಂತಿದ್ದ ಜನ ಇಣುಕಿ ನೋಡುತ್ತಿದ್ದರು. ಹೀಗೆ ಎಷ್ಟು ಹೊತ್ತು ಎಂದು ಡಾಕ್ಟರು ಕೇಳಿದರು. ಎದ್ದೇಳುವವರೆಗೂ ಎಂದಳು.

"ನೋಡವ್ವಾ," ಎಂದರು ಡಾಕ್ಟರು. "ನಿನ್ನ ತಲಿ ಒಂದು ಜೋಳದ ಗಂಟಿನಷ್ಟು ಭಾರ ಅದ. ಗಂಟು ನೆತ್ತಿ ಮ್ಯಾಲ ನೆಟ್ಟಗಿದ್ರ ನೀ ಊರತನಾ ಹೊರ್ತೀ. ಅದನ್ನೇ ಎರಡೂ ಕೈಲಿ ಮುಂದ ಚಾಚಿ ಹಿಡಿ ಅಂದ್ರ ಎಷ್ಟೊತ್ತು ಹಿಡೀತೀ? ದಿನಾ ಸಂಜಿ ನಿನ್ನ ಕುತ್ತಿಗಿ ಅದನ್ನೇ ಮಾಡಾಕತ್ತದ. ಸೋತದ, ಅಷ್ಟ. ಮ್ಯಾಲಿಂದ ನೀ ಹೆದರಿ ಅದನ್ನ ಬಿಗಿಹಿಡದೀ."

ಪುಸ್ತಕ ಕಣ್ಣಿನ ಕಡೆ ಏರಬೇಕು, ಕಣ್ಣು ಪುಸ್ತಕದ ಕಡೆ ಇಳಿಯಬಾರದು ಎಂದರು. ಬೆನ್ನಿಗೆ ಆಧಾರ ಬೇಕು. ಚೀಲ ಎರಡೂ ಹೆಗಲಿಗೆ ಬರಬೇಕು, ಆ ದಿನ ಬೇಡದ ಪುಸ್ತಕ ಮನೆಯಲ್ಲೇ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಎಷ್ಟು ಚೆನ್ನಾಗಿ ಕೂತರೂ ಒಂದೇ ಸಮನೆ ಕೂಡಬಾರದು. ಆಗಾಗ ಎದ್ದು ನಡೆಯಬೇಕು, ಹೆಗಲು ತಿರುಗಿಸಬೇಕು, ಕುತ್ತಿಗೆಯನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ಹೊರಳಿಸಬೇಕು. ಹೊಟ್ಟೆತುಂಬ ಉಣ್ಣಬೇಕು. ಜ್ವರ ಬಂದರೆ, ಕಾಲಿನಲ್ಲಿ ಬಲ ಕಡಿಮೆಯಾದರೆ, ಕೈಯ ಜೋಮು ನಿಲ್ಲದಿದ್ದರೆ ಮಾತ್ರ ತಡಮಾಡದೆ ಮತ್ತೆ ಬರಬೇಕು.

ಹೊರಡುವಾಗ ದೇವಿಂದ್ರಪ್ಪ ಹಿಂದೆ ಉಳಿದು ತಂಗಿಯ ಬಗ್ಗೆ ಕೇಳಿದ. ಅಷ್ಟು ವರ್ಷವಾದ ಮೇಲೆ ಕಾಲು ಬರುವುದು ಕಷ್ಟ, ಆದರೂ ಒಮ್ಮೆ ಕರೆದುಕೊಂಡು ಬಾ, ನೋಡೋಣ ಎಂದು ಡಾಕ್ಟರು ಹೇಳಿದರಂತೆ. ಗಾಡಿಯಲ್ಲಿ ಅವನು ಇದನ್ನು ಹೇಳಿ ಮುಗಿಸಿ, ಕಿಟಕಿಗೆ ಮುಖ ಮಾಡಿ ಕೂತುಬಿಟ್ಟ. ನಾಲವಾರ ಬರುವವರೆಗೂ ತಿರುಗಲಿಲ್ಲ.

ಮನೆಯಲ್ಲಿ ಎಲ್ಲವೂ ಬದಲಾಯಿತು. ಕಂದೀಲು ನೆಲದಿಂದ ಗೋಡೆಯ ಗೂಡಿಗೆ ಏರಿತು. ದೇವಿಂದ್ರಪ್ಪ ಹಳೆಯ ಪೆಟ್ಟಿಗೆಯ ಹಲಗೆ ಬಿಚ್ಚಿ ಓರೆಯಾಗಿ ನಿಲ್ಲುವ ಒಂದು ಮಣೆ ಬಡಿದುಕೊಟ್ಟ, ಪುಸ್ತಕ ಅದರ ಮೇಲೆ ಮುಖದ ಎದುರಿಗೇ ನಿಲ್ಲುತ್ತಿತ್ತು. ಕಂಬಕ್ಕೆ ಕೌದಿ ಮಡಚಿ ಇಟ್ಟು ಬೆನ್ನು ಕೊಟ್ಟು ಅವಳು ಓದತೊಡಗಿದಳು. ಸಾಬಮ್ಮ ಬಟ್ಟೆಚೀಲಕ್ಕೆ ಎರಡು ಪಟ್ಟಿ ಹೊಲಿದಳು. ಅದನ್ನು ಬೆನ್ನಿಗೆ ಹಾಕಿಕೊಂಡು ಹೋದಾಗ ಗಾಡಿಯಲ್ಲಿ ಹುಡುಗಿಯರು ಮಿಲಿಟರಿಗೆ ಸೇರಿದೆಯಾ ಎಂದು ಕೇಳಿ ನಕ್ಕರು. ಓದಿನ ನಡುವೆ ಎಬ್ಬಿಸುವ ಕೆಲಸ ಹಣಮಮ್ಮನದು. ಸ್ಟೇಷನ್ನಿನ ಕಡೆಯಿಂದ ಗಾಡಿಯ ಸದ್ದು ಬಂದಾಗೆಲ್ಲ ಎದ್ದು ಅಂಗಳ ಸುತ್ತಿ ಬಾ ಎಂದು ಹೇಳುವಳು. ಲೆಕ್ಕ ಅರ್ಧವಾಗಿದೆ ಎಂದರೂ ಕೇಳುತ್ತಿರಲಿಲ್ಲ. ಅವಳು ಅಂಗಳ ಸುತ್ತುವುದನ್ನು ಹಣಮಮ್ಮ ಕತ್ತು ಚಾಚಿ ನೋಡುತ್ತಿದ್ದಳು, ಅವಳು ಹೆಜ್ಜೆ ಹೇಗೆ ಇಡುತ್ತಾಳೆ ಎಂಬುದನ್ನೂ.

ನೋವು ಒಂದೇ ಸಲ ಹೋಗಲಿಲ್ಲ. ಒಂದು ವಾರ ಕಡಿಮೆಯಾಗುವುದು, ಮತ್ತೆ ಒಂದು ದಿನ ಎದ್ದು ಬರುವುದು. ಅಂಥ ದಿನ ಅವಳ ಕೈ ಮತ್ತೆ ಕುತ್ತಿಗೆಯ ಹಿಂದೆ ಹೋಗುತ್ತಿತ್ತು. ಡಾಕ್ಟರು ಸರಿಯಾಗಿ ನೋಡಲಿಲ್ಲವೇನೋ, ಎಕ್ಸ್‌ರೇ ಬೇರೆ ಯಾರದ್ದೋ ಇರಬೇಕೇನೋ ಎಂಬ ಯೋಚನೆ. ಸಂಕ್ರಾಂತಿಯ ಹೊತ್ತಿಗೆ ಬೆರಳಿನ ಇರುವೆ ನಿಂತಿತು, ಹೆಗಲು ಹಗುರಾಯಿತು. ಹೆದರಿಕೆ ಮಾತ್ರ ಅಲ್ಲೇ ಇತ್ತು.

ಪರೀಕ್ಷೆಯ ಕೇಂದ್ರ ಚಿತ್ತಾಪುರ. ಮೊದಲಿನ ದಿನಗಳು ಸರಿಯಾಗಿ ಕಳೆದವು. ಗಣಿತದ ದಿನ ಬೆಂಚು ತೀರ ತಗ್ಗಿನದು ಸಿಕ್ಕಿತು. ಅರ್ಧ ಬರೆದಿರಬೇಕು, ಕುತ್ತಿಗೆ ಬಿಗಿಯತೊಡಗಿತು. ವಾಡಿಯ ತರಗತಿಯಲ್ಲಿ ಆದ ಹಾಗೆ ಈಗ ಸಿಕ್ಕಿಕೊಂಡರೆ? ಕಣ್ಣು ಮಂಜಾಯಿತು. ಎದುರಿನ ಅಂಕಿಗಳು ಒಂದರ ಮೇಲೊಂದು ಹತ್ತಿದಂತೆ ಕಂಡವು. ಅವಳು ಪೆನ್ನು ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿ, ಡಾಕ್ಟರು ಹೇಳಿದಂತೆ ತಲೆಯನ್ನು ನಿಧಾನವಾಗಿ ಎಡಕ್ಕೆ ಹೊರಳಿಸಿದಳು. ಆಮೇಲೆ ಬಲಕ್ಕೆ. ಬಲಕ್ಕೆ ಹೊರಳಿಸಿದಾಗ ಅಲ್ಲೊಬ್ಬ ಮನುಷ್ಯ ನಿಂತಿದ್ದ.

ಅವರು ಮೇಲ್ವಿಚಾರಕ ಅಂಬರಾಯ ಮಾಸ್ತರು. ಪಕ್ಕದ ಹುಡುಗಿಯ ಉತ್ತರ ನೋಡುತ್ತಿದ್ದೀಯಾ ಎಂದು ಕೇಳಿ, ಅವಳ ಉತ್ತರಪತ್ರಿಕೆಯನ್ನು ಎತ್ತಿಕೊಂಡರು. ಇಡೀ ಹಾಲ್ ತಿರುಗಿ ನೋಡುತ್ತಿತ್ತು. ಕಾಪಿ ಹೊಡೆದಳೆಂದು ಹೊರಗೆ ಹಾಕುತ್ತಾರೆ, ಅಪ್ಪ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದಾನೆ, ಅವನ ಮುಂದೆಯೇ ಹೊರಗೆ ಹಾಕುತ್ತಾರೆ. ಕುತ್ತಿಗೆಯ ನೋವು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಹೇಗೋ ಬಾಯಿಬಿಟ್ಟು ಹೇಳಿದಳು.

"ನಂಗ ಕುತ್ತಿಗಿ ಹಿಡೀತದರಿ ಸರ್. ಹಿಂಗ ತಿರುಗಸಬೇಕಂತ ಡಾಕ್ಟರ್ ಹೇಳ್ಯಾರರಿ. ನಾ ಯಾರದೂ ನೋಡಿಲ್ರಿ."

ಅಂಬರಾಯರು ಅವಳ ಪತ್ರಿಕೆಯನ್ನು ಓದಿದರು. ಪಕ್ಕದ ಹುಡುಗಿಯದನ್ನೂ ನೋಡಿದರು. ಆ ಹುಡುಗಿ ಇನ್ನೂ ಹಿಂದಿನ ಪ್ರಶ್ನೆಗಳಲ್ಲೇ ಇದ್ದಳು. ಸ್ವಲ್ಪ ಯೋಚಿಸಿ, ಅವಳನ್ನು ಎಬ್ಬಿಸಿ, ತಮ್ಮ ಮೇಜಿನ ಹತ್ತಿರ ಗೋಡೆಗೆ ಸೇರಿದ ಬೆಂಚಿನ ಮೇಲೆ ಒಬ್ಬಳನ್ನೇ ಕೂರಿಸಿದರು. ಅದು ಎತ್ತರದ ಬೆಂಚು. ಇಲ್ಲಿ ಎಷ್ಟು ಬೇಕಾದರೂ ತಿರುಗು, ಕಂಡರೆ ಸುಣ್ಣದ ಗೋಡೆ ಕಾಣುತ್ತದೆ ಎಂದು ಹೇಳಿ ಪತ್ರಿಕೆ ಕೊಟ್ಟರು. ಅವಳು ಪೆನ್ನು ಎತ್ತಿಕೊಂಡಳು. ಆಮೇಲೆ ಗಂಟೆ ಹೊಡೆಯುವವರೆಗೂ ಬರೆದಳು.

ಪಾಸಾದಳು, ಫಸ್ಟ್ ಕ್ಲಾಸಿನಲ್ಲಿ. ಚಿಂಚೋಳಿಯ ಸಂಬಂಧ ತಾನಾಗಿಯೇ ಬಿಟ್ಟುಹೋಯಿತು, ಅವರಿಗೆ ಓದಿದ ಹುಡುಗಿ ಬೇಡವಾಗಿತ್ತು. ಖುರ್ಷಿದಬೇಗಂ ಹಠ ಹಿಡಿದು ಅವಳನ್ನು ಶಿಕ್ಷಕಿಯರ ತರಬೇತಿಗೆ ಗುಲಬರ್ಗಾಕ್ಕೆ ಕಳಿಸಿದರು. ಅದೇ ಬೇಸಿಗೆಯಲ್ಲಿ ದೇವಿಂದ್ರಪ್ಪ ತಂಗಿಯನ್ನು ಎತ್ತಿಕೊಂಡು ಗಾಡಿ ಹತ್ತಿ ಡಾಕ್ಟರ ಹತ್ತಿರ ಹೋದ. ಕಾಲು ಬರಲಿಲ್ಲ. ಕೈಯ ಬಲದಿಂದ ತಾನಾಗಿ ಎದ್ದು ಕೂಡುವುದನ್ನು ಅಲ್ಲಿ ಕಲಿಸಿಕೊಟ್ಟರು. ಹಣಮಮ್ಮನಿಗೆ ಅಷ್ಟೇ ಬಹಳವಾಯಿತು. ಆಮೇಲೆ ಯಾರಾದರೂ ಎತ್ತಲು ಬಂದರೆ ದೂರ ನಿಲ್ಲಲು ಹೇಳುತ್ತಿದ್ದಳಂತೆ.

ನಾನು ಕಾಳಗಿಗೆ ಬರುವ ಹೊತ್ತಿಗೆ ಸುಂದರಬಾಯಿ ಟೀಚರು ಅಲ್ಲಿ ಕೆಲ ವರ್ಷ ಕಳೆದಿದ್ದರು. ಅವರ ತರಗತಿಯಲ್ಲಿ ಬೆಂಚು ಇರಲಿಲ್ಲ, ಕೂರಲು ಗೋಣಿತಟ್ಟು ಇದ್ದವು. ಗೋಡೆಯ ಉದ್ದಕ್ಕೂ ಮಕ್ಕಳು ಬೆನ್ನು ಕೊಟ್ಟು ಕೂಡಬೇಕು, ಎಲ್ಲರಿಗೂ ಗೋಡೆ ಸಾಲದ್ದರಿಂದ ದಿನಾ ಸರದಿ. ಪಾಠದ ನಡುವೆ ಎಲ್ಲರನ್ನೂ ಎಬ್ಬಿಸಿ ಕೈಯೆತ್ತಿಸಿ ಹೆಗಲು ತಿರುಗಿಸುತ್ತಿದ್ದರು. ತಪಾಸಣೆಗೆ ಬಂದ ಸಾಹೇಬರೊಬ್ಬರು ಇದೇನು ಪಾಠದ ಹೊತ್ತಿನಲ್ಲಿ ಕವಾಯತು ಎಂದು ಗದರಿದ್ದುಂಟು. ಅವರು ಹೌದೆಂದು ತಲೆ ಆಡಿಸಿ, ಸಾಹೇಬರ ಜೀಪು ತಿರುಗಿದ ಮೇಲೆ ಮತ್ತೆ ಎಬ್ಬಿಸಿದರು.

ಹೆದರಿಕೆ ಪೂರ್ತಿ ಹೋಯಿತೇ ಎಂದು ಒಮ್ಮೆ ಕೇಳಿದೆ. ಇಲ್ಲ ಎಂದರು. ಈಗಲೂ ಯಾವುದಾದರೂ ಮಗು ಬೆನ್ನು ಮುಟ್ಟಿಕೊಂಡರೆ ತನ್ನ ಎದೆಯೇ ಮೊದಲು ಹಾರುತ್ತದೆ, ಸಂಜೆ ಜ್ವರ ಬರುತ್ತದೆಯೇ ಎಂದು ಕೇಳಿ, ಇಲ್ಲವೆಂದು ಕೇಳಿಸಿಕೊಳ್ಳುವವರೆಗೂ ಉಸಿರು ನಿಂತಿರುತ್ತದೆ ಎಂದರು.

ನಾವು ಹೀಗೆ ಮಾತಾಡುತ್ತಿರುವಾಗಲೇ ನಾಲ್ಕನೇ ಇಯತ್ತೆಯ ಆಶಾಬಿ ಎಂಬ ಹುಡುಗಿ ಬಂದು, ಎಲ್ಲರೂ ಇದ್ದಲ್ಲಿಯೇ, ಟೀಚರ್‌ರಿ ನನ್ನ ಕುತ್ತಿಗಿ ಭಾಳ ನೋಯಾಕತ್ತದ ಎಂದಳು. ಮುಚ್ಚಿಡುವಂಥದ್ದು ಏನೋ ಇದೆಯೆಂದು ಆ ಹುಡುಗಿಗೆ ಗೊತ್ತೇ ಇರಲಿಲ್ಲ. ಸುಂದರಬಾಯಿ ಟೀಚರು ಊಟದ ಡಬ್ಬಿ ಮುಚ್ಚಿ, ಕೈ ತೊಳೆದು, ಅವಳನ್ನು ಹತ್ತಿರ ಕೂರಿಸಿಕೊಂಡು ಕೇಳಬೇಕಾದ್ದನ್ನೆಲ್ಲ ಕೇಳಿದರು. ಶಾಲೆ ಬಿಟ್ಟ ಮೇಲೆ ಅವಳ ಮನೆಗೆ ಹೋದರು. ದಾರಿಯಲ್ಲಿ ಅವಳ ಪಾಟಿಚೀಲ ಅವರ ಕೈಯಲ್ಲೇ ಇತ್ತು.